ಏಟು ಬೀಳುವುದು ಮುಂದಿನ ಸಂಚಿಕೆಯಲ್ಲಿ

ಸಿನಿಮಾ ಶುರುವಾಗಿ ಅರ್ಧ ಗಂಟೆ ಕಳೆದರೂ ನಾಯಕ ಬಂದಿರುವುದಿಲ್ಲ. ಬಂದವರೆಲ್ಲ ಅವನ ಪರಿಚಯ ಹೇಳುವುದಕ್ಕೆ ಬಂದವರು. ಮೊದಲಿಗೆ ಒಬ್ಬ ಪೊಲೀಸ್ ಅಧಿಕಾರಿ ಹಳೆಯ ಕಡತವನ್ನು ಮೇಜಿನ ಮೇಲೆ ಎಸೆದು, ಕನ್ನಡಕ ತೆಗೆದು, 'ಅವನು ಮನುಷ್ಯನಲ್ಲ ಸಾರ್' ಎನ್ನುತ್ತಾನೆ. ಆಮೇಲೆ ಊರಿನ ಒಬ್ಬ ಅಜ್ಜಿ ಆಕಾಶ ನೋಡಿ 'ಬರುತ್ತಾನೆ' ಎನ್ನುತ್ತಾಳೆ. ಮೂರನೆಯ ಸರದಿ ಖಳನಾಯಕನದು. ನಾಲ್ಕು ಬಂದರು, ಎರಡು ಗಣಿ, ಅರ್ಧ ವಿಧಾನಸಭೆಯನ್ನು ಜೇಬಿನಲ್ಲಿಟ್ಟುಕೊಂಡ ಈ ಮಹಾಶಯನಿಗೆ ಬೇರೆ ಕೆಲಸವೇ ಇಲ್ಲವೇನೋ ಎಂಬಂತೆ, ಬಂಟರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ತನ್ನ ಶತ್ರುವಿನ ಗುಣಗಾನ ಮಾಡುತ್ತಾನೆ. ಕೊನೆಗೊಮ್ಮೆ ತೆರೆಯ ಮೇಲೆ ಒಂದು ಬೂಟು ಕಾಣುತ್ತದೆ. ಬೂಟಿನ ಸುತ್ತ ಧೂಳು ಏಳುತ್ತದೆ. ಆಮೇಲೆ ಬೆನ್ನು, ಆಮೇಲೆ ಗಡ್ಡದ ಒಂದು ಅಂಚು, ಆಮೇಲೆ ಹೊಗೆ. ಮುಖ ಕಾಣುವ ಹೊತ್ತಿಗೆ ಮುಂದಿನ ಸಾಲಿನವರು ತಂದ ಕಾಗದದ ಚೂರುಗಳೆಲ್ಲ ಖಾಲಿಯಾಗಿರುತ್ತವೆ.

ನಾನು ಹೊಡೆದಾಟದ ಸಿನಿಮಾಗಳ ಭಕ್ತ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಕಲಾತ್ಮಕ ಚಿತ್ರಗಳನ್ನು ನೋಡಿ ಬಂದವರು ಹೊಡೆದಾಟದವರನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ, ಅದೂ ಒಂದು ಬಗೆಯ ಹೊಡೆದಾಟವೇ. ನನ್ನ ದೂರು ಅವರ ಮೇಲಲ್ಲ. ನನ್ನ ದೂರು ನನ್ನ ದೇವರುಗಳ ಮೇಲೆಯೇ. ಟಿಕೆಟ್‌ಗೆ ದುಡ್ಡು ಕೊಟ್ಟು, ಮಧ್ಯಂತರದಲ್ಲಿ ಜೋಳದ ಅರಳಿಗೆ ಅದರ ಎರಡರಷ್ಟು ಕೊಟ್ಟು, ಮೂರು ಗಂಟೆ ಕೂತು ಎದ್ದು ಬಂದರೆ, ನಡಿಗೆ ಸಿಕ್ಕಿರುತ್ತದೆ, ನೋಟ ಸಿಕ್ಕಿರುತ್ತದೆ, ಕಿವಿಯ ತಮಟೆ ಹರಿಯುವಷ್ಟು ಸಂಗೀತ ಸಿಕ್ಕಿರುತ್ತದೆ. ಏಟು ಮಾತ್ರ ಸಿಕ್ಕಿರುವುದಿಲ್ಲ. ಒಬ್ಬನ ಮುಷ್ಟಿ ಇನ್ನೊಬ್ಬನ ದವಡೆಗೆ ತಾಗುವ ಆ ಒಂದು ಕ್ಷಣವನ್ನು ಎಲ್ಲರೂ ಸೇರಿ ಎಲ್ಲೋ ಬಚ್ಚಿಟ್ಟಿದ್ದಾರೆ.

ನಾಯಕನ ಸುತ್ತ ನಿಂತ ನಲವತ್ತು ಮಂದಿ ರೌಡಿಗಳನ್ನೇ ನೋಡಿ. ಎಲ್ಲರ ಕೈಯಲ್ಲೂ ಲಾಂಗು. ನಲವತ್ತು ಜನ ಒಟ್ಟಿಗೆ ಮೇಲೆ ಬಿದ್ದರೆ ಸಿನಿಮಾ ಅಲ್ಲಿಗೇ ಮುಗಿಯಿತು. ಆದರೆ ಅವರು ನ್ಯಾಯಬೆಲೆ ಅಂಗಡಿಯ ಮುಂದೆ ಕಾರ್ಡು ಹಿಡಿದು ನಿಂತವರಂತೆ ತಮ್ಮ ತಮ್ಮ ಸರದಿಗೆ ಕಾಯುತ್ತಾರೆ. ಮೊದಲನೆಯವನು ಹಾರಿ ಹೋಗಿ ಲಾರಿಯ ಗಾಜಿಗೆ ಬಡಿದ ಮೇಲೆ ಎರಡನೆಯವನು ಕೂಗುತ್ತಾ ಬರುತ್ತಾನೆ. ಬರುವುದಾದರೂ ಹಿಂದಿನಿಂದ ಬರಬಾರದೇ? ಹಿಂದಿನಿಂದ ಬಂದರೂ ಕೂಗಿಕೊಂಡೇ ಬರುತ್ತಾನೆ, ನಾಯಕ ಎಲ್ಲಿ ತಿರುಗಬೇಕೆಂದು ತಿಳಿಯಲಿ ಎಂದು. ಕನ್ನಡದ ರೌಡಿಯಷ್ಟು ಸಭ್ಯ ನಾಗರಿಕ ಇನ್ನೊಬ್ಬನಿಲ್ಲ.

ಇದು ನಮ್ಮವರ ಒಬ್ಬರದೇ ಖಾಯಿಲೆಯಲ್ಲ. ಹಾಲಿವುಡ್ ಏಟನ್ನು ಬಚ್ಚಿಡುವ ವಿಧಾನ ಬೇರೆ: ಅದು ಕತ್ತರಿಸಿ ಬಚ್ಚಿಡುತ್ತದೆ. 2014ರಲ್ಲಿ ಬಂದ 'ಟೇಕನ್ 3' ಚಿತ್ರದಲ್ಲಿ ಲಿಯಾಮ್ ನೀಸನ್ ಒಂದು ತಂತಿಬೇಲಿ ಹಾರುತ್ತಾರೆ. ಅಷ್ಟೇ ದೃಶ್ಯ. ಅರವತ್ತು ದಾಟಿದ ಒಬ್ಬ ಹಿರಿಯರು ಬೇಲಿ ಹಾರುವುದು ಸಾಹಸವೇ, ನಾನು ಒಪ್ಪುತ್ತೇನೆ, ನನ್ನಿಂದಂತೂ ಆಗದು. ಆದರೆ ಆ ಆರೇಳು ಸೆಕೆಂಡುಗಳಲ್ಲಿ ಒಂದು ಡಜನ್‌ಗೂ ಹೆಚ್ಚು ತುಂಡುಗಳಿವೆ. ಓಡುವ ಕಾಲು, ಬೇಲಿ, ಕೈ, ಮತ್ತೆ ಬೇಲಿ, ಬೇಲಿಯ ಇನ್ನೊಂದು ಮಗ್ಗುಲು, ಗಾಳಿಯಲ್ಲಿ ಕೋಟು, ನೆಲ, ಇನ್ನೊಮ್ಮೆ ಕೈ. ನೋಡಿದವನಿಗೆ ಒಬ್ಬ ಮನುಷ್ಯ ಬೇಲಿ ಹಾರಿದ ಎನ್ನಿಸುವುದಿಲ್ಲ. ಬೇಲಿ ಮತ್ತು ಮನುಷ್ಯ ಇಬ್ಬರೂ ಏನೋ ಅಪಘಾತಕ್ಕೆ ಸಿಕ್ಕಿದ್ದಾರೆ ಎನ್ನಿಸುತ್ತದೆ. ಈ ಶೈಲಿಗೆ 'ವೇಗ' ಎಂದು ಹೆಸರು. ವಿಮರ್ಶಕರು 'ಉಸಿರು ಬಿಗಿಹಿಡಿಸುವ ಸಂಕಲನ' ಎಂದು ಬರೆಯುತ್ತಾರೆ. ಉಸಿರು ಬಿಗಿಹಿಡಿಯುವುದು ನಿಜ, ತಲೆ ಸುತ್ತಿದಾಗ ಯಾರಾದರೂ ಹಾಗೆಯೇ ಮಾಡುತ್ತಾರೆ.

ಇದಕ್ಕೆ ಸುಮಾರು ಮೂರು ದಶಕ ಮೊದಲು, 1985ರಲ್ಲಿ, ಹಾಂಗ್‌ಕಾಂಗಿನಲ್ಲಿ ಜಾಕಿ ಚಾನ್ ಎಂಬಾತ 'ಪೊಲೀಸ್ ಸ್ಟೋರಿ'ಗಾಗಿ ಒಂದು ವ್ಯಾಪಾರ ಮಳಿಗೆಯ ಮೇಲಂತಸ್ತಿನ ಕಟಕಟೆಯಿಂದ ನೆಗೆದು, ನಡುವೆ ನಿಂತ ಕಂಬವನ್ನು ಹಿಡಿದು ಕೆಳಕ್ಕೆ ಜಾರಿದ. ಕಂಬದ ತುಂಬ ಉರಿಯುವ ಅಲಂಕಾರದ ದೀಪಗಳು. ದೀಪಗಳು ಪಟಪಟ ಸಿಡಿಯುತ್ತಿದ್ದಂತೆ ಆತ ಗಾಜಿನ ಗೂಡೊಂದನ್ನು ಒಡೆದುಕೊಂಡು ನೆಲಕ್ಕೆ ಬಿದ್ದ. ಅಂಗೈ ಸುಟ್ಟಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಆತ ಆ ಜಿಗಿತವನ್ನು ಹೇಗೆ ತೋರಿಸಿದ ಗೊತ್ತೇ? ಹದಿನಾಲ್ಕು ತುಂಡು ಮಾಡಿ ಅಲ್ಲ. ಇಡೀ ಜಿಗಿತವನ್ನು ಒಂದು ಕಡೆಯಿಂದ ತೋರಿಸಿ, ಇನ್ನೊಂದು ಕಡೆಯಿಂದ ಮತ್ತೆ ತೋರಿಸಿ, ಮೂರನೆಯ ಸಲವೂ ತೋರಿಸಿದ. ಹೊಟ್ಟೆ ತುಂಬ ಬಡಿಸುವ ಗುಣ ಅದು. ಸಾಲದ್ದಕ್ಕೆ ಚಿತ್ರ ಮುಗಿದು ಹೆಸರುಗಳು ಬರುವಾಗ, ತಪ್ಪಿದ ಜಿಗಿತಗಳು, ಸ್ಟ್ರೆಚರಿನ ಮೇಲೆ ಮಲಗಿಸಿ ಹೊತ್ತೊಯ್ದವರು, ತಲೆಗೆ ಪಟ್ಟಿ ಕಟ್ಟಿಸಿಕೊಂಡು ನಗುವವರು, ಎಲ್ಲವನ್ನೂ ತೋರಿಸುವ ಪದ್ಧತಿ ಆತನದು. ಜನ ಬಾಗಿಲಿನತ್ತ ಹೋಗದೆ ಕೊನೆಯ ಹೆಸರಿನವರೆಗೆ ಕೂರುತ್ತಿದ್ದರು. ಥಾಯ್ಲೆಂಡಿನ ಟೋನಿ ಜಾ 2005ರ 'ತೊಮ್ ಯಮ್ ಕೂಂಗ್'ನಲ್ಲಿ ಒಂದು ಹೋಟೆಲಿನ ಮೆಟ್ಟಿಲುಗಳನ್ನು ಸುತ್ತಿ ಸುತ್ತಿ ಹತ್ತುತ್ತಾ, ಸಿಕ್ಕಿದವರನ್ನೆಲ್ಲ ಕೆಳಗೆ ಉರುಳಿಸುತ್ತಾ ಹೋಗುವುದನ್ನು ಹೆಚ್ಚುಕಡಿಮೆ ನಾಲ್ಕು ನಿಮಿಷ ಕತ್ತರಿ ಮುಟ್ಟಿಸದೆ ತೋರಿಸಿದ್ದಾರೆ. ಮೇಲೆ ಮುಟ್ಟುವ ಹೊತ್ತಿಗೆ ಆತ ಏದುಸಿರು ಬಿಡುತ್ತಿರುತ್ತಾನೆ. ಕ್ಯಾಮೆರಾ ಹೊತ್ತವನ ಗತಿ ಏನಾಗಿತ್ತೋ, ಆ ಬಡಪಾಯಿಯೂ ಅಷ್ಟೂ ಮೆಟ್ಟಿಲು ಹತ್ತಿದ್ದಾನೆ. ನಮ್ಮ ನಾಯಕರಿಗೆ ಏದುಸಿರು ಬರುವುದನ್ನು ನಾನಿನ್ನೂ ನೋಡಿಲ್ಲ. ಕೂದಲು ಕೂಡ ಕೆದರುವುದಿಲ್ಲ.

ಹೀಗೆ ಏಟಿಲ್ಲದೆ ಹಸಿದವರು ಅನಿಮೆ, ಎಂದರೆ ಜಪಾನಿನ ಕಾರ್ಟೂನ್ ಚಿತ್ರಗಳ ಕಡೆಗೆ ಗುಳೆ ಹೊರಟರು. ಅಲ್ಲಿ ಗುರುತ್ವಾಕರ್ಷಣೆಯಿಲ್ಲ, ನಟನಿಗೆ ವಯಸ್ಸಾಗುವುದಿಲ್ಲ, ಡೇಟ್ಸ್ ಸಮಸ್ಯೆಯಿಲ್ಲ. ಏಟಿಗೇನು ಬರ ಎಂದುಕೊಂಡರು. ಅಲ್ಲಿ ಕಾದಿದ್ದು ಫ್ರೀಜಾ.

ಕಥೆ ತಿಳಿಯದವರಿಗೆ ಎರಡು ಮಾತು. ಅಕಿರಾ ತೊರಿಯಾಮಾ 1984ರಿಂದ 1995ರವರೆಗೆ ವಾರವಾರ ಬರೆದ 'ಡ್ರ್ಯಾಗನ್ ಬಾಲ್' ಎಂಬ ಕಾಮಿಕ್ಸ್ ಕಥೆಯ ನಾಯಕ ಗೋಕು. ಅವನಿಗೂ ಫ್ರೀಜಾ ಎಂಬ ದುಷ್ಟನಿಗೂ ನಾಮೆಕ್ ಎಂಬ ಗ್ರಹದ ಮೇಲೆ ಕಾಳಗ. ಕಾಳಗದ ನಡುವೆ ಫ್ರೀಜಾ ಗ್ರಹದ ಗರ್ಭಕ್ಕೆ ಪೆಟ್ಟು ಕೊಟ್ಟು, ಇನ್ನು ಐದು ನಿಮಿಷದಲ್ಲಿ ಈ ಗ್ರಹ ಸಿಡಿದುಹೋಗುತ್ತದೆ ಎಂದು ಘೋಷಿಸುತ್ತಾನೆ. ಐದು ನಿಮಿಷ. ನಮ್ಮ ಹುಡುಗರು ಶಾಲೆಯಿಂದ ಬಂದು ಚೀಲ ಎಸೆದು ಟಿವಿ ಮುಂದೆ ಕೂತರು. ಕಂತು ಮುಗಿಯಿತು, ಗ್ರಹ ಸಿಡಿಯಲಿಲ್ಲ. ಮರುದಿನ ಕೂತರು. ಅಂದೂ ಸಿಡಿಯಲಿಲ್ಲ. ಆ ಐದು ನಿಮಿಷ ಕಳೆಯುವುದಕ್ಕೆ ಸುಮಾರು ಹತ್ತು ಕಂತು ಹಿಡಿಯಿತು. ಒಂದೊಂದು ಕಂತು ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಬಿಬಿಎಂಪಿಯ ಕಾಮಗಾರಿ ಫಲಕ ಬರೆಯುತ್ತಿದ್ದವರು ಫ್ರೀಜಾನ ಬಳಿ ತರಬೇತಿ ಪಡೆದಿರಬೇಕೆಂಬ ಅನುಮಾನ ನನಗೆ ಅಂದಿನಿಂದಲೂ ಇದೆ.

ಅಷ್ಟು ಹೊತ್ತು ಅವರೇನು ಮಾಡುತ್ತಿದ್ದರು? ನಿಂತಿದ್ದರು. ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಕಲ್ಲುಗಳು ನೆಲದಿಂದ ಮೇಲೆದ್ದವು. ಇಬ್ಬರೂ ಹೊಟ್ಟೆನೋವು ಬಂದವರಂತೆ ಕಿರುಚಿ ಶಕ್ತಿ ಏರಿಸಿಕೊಂಡರು. ದೂರದಲ್ಲೆಲ್ಲೋ ಮೂರು ಜನ ನಿಂತು 'ಎಂಥ ಶಕ್ತಿ!' ಎಂದರು. ಇದಕ್ಕೆ ಕಾರಣ ತೀರ ಲೌಕಿಕ. ತೊರಿಯಾಮಾ ವಾರಕ್ಕೊಂದು ಅಧ್ಯಾಯ ಬರೆಯುತ್ತಿದ್ದರು. ವಾರಕ್ಕೊಂದು ಕಂತು ಮಾಡುವ ಟಿವಿಯವರು ಅವರ ಬೆನ್ನಿಗೇ ಬಂದು ನಿಂತಿದ್ದರು. ಕಥೆ ಮುಂದೆ ಹೋಗುವವರೆಗೆ ಪಾತ್ರಗಳಾದರೂ ಏನು ಮಾಡಿಯಾವು, ದುರುಗುಟ್ಟಿ ನೋಡಲೇಬೇಕು. ಅಷ್ಟೇಕೆ, ಗೋಕು ಕೋಪಗೊಂಡಾಗ ಕೂದಲು ಚಿನ್ನದ ಬಣ್ಣಕ್ಕೆ ತಿರುಗುತ್ತದಲ್ಲ, ಇಡೀ ಒಂದು ಪೀಳಿಗೆಗೆ ಮೈ ಜುಮ್ಮೆನ್ನಿಸಿದ ಆ ದೈವಿಕ ರೂಪಾಂತರ, ಅದರ ಹಿಂದಿನ ಒಂದು ಕಾರಣವನ್ನು ತೊರಿಯಾಮಾ ಅವರೇ ಹೇಳಿದ್ದಾರೆ: ಕಪ್ಪು ಕೂದಲಿಗೆ ಶಾಯಿ ತುಂಬುವುದರಲ್ಲೇ ಸಹಾಯಕನ ಹೊತ್ತೆಲ್ಲ ಹೋಗುತ್ತಿತ್ತು; ಬಿಳಿಯಾಗಿ ಬಿಟ್ಟರೆ ಕೆಲಸ ಉಳಿಯಿತು. ಭಕ್ತರು ಇದನ್ನು ಓದಿಯೂ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವುದನ್ನು ಬಿಟ್ಟಿಲ್ಲ.

ಮಾತನಾಡುತ್ತಾ ಯುದ್ಧ ಮಾಡುವುದು ನಮಗೇನೂ ಹೊಸದಲ್ಲ, ಅದನ್ನು ನಾನು ಆಕ್ಷೇಪಿಸಿದರೆ ಕರಾವಳಿಯವರು ನನ್ನನ್ನು ಊರಿಗೆ ಸೇರಿಸುವುದಿಲ್ಲ. ತಾಳಮದ್ದಳೆಯಲ್ಲಿ ವಾಲಿ ಎದೆಗೆ ಬಾಣ ನೆಟ್ಟುಕೊಂಡು ರಾಮನನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಾನೆ. ಯಾರೂ ಕೂತಲ್ಲಿಂದ ಏಳುವುದಿಲ್ಲ, ಕತ್ತಿಯೂ ಇಲ್ಲ, ವೇಷವೂ ಇಲ್ಲ. ಆದರೆ ಅಲ್ಲಿ ಮಾತೇ ಏಟು. ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮನ ಪಾತ್ರಧಾರಿ ನಿಜವಾಗಿಯೂ ಬೆವರುತ್ತಾನೆ. ರನ್ನನ ದುರ್ಯೋಧನನಂತೂ ಭೀಮನ ಗರ್ಜನೆ ಕೇಳಿ ಕೊಳದ ನೀರಿನೊಳಗಿದ್ದೂ ಬೆವರಿದವನು. ಆಮೇಲೆ ಎದ್ದು ಬಂದು ತೊಡೆ ಮುರಿಸಿಕೊಂಡ. ರನ್ನ 'ಮುಂದಿನ ಆಶ್ವಾಸದಲ್ಲಿ ನೋಡಿರಿ' ಎಂದು ಕೈ ತೊಳೆದುಕೊಳ್ಳಲಿಲ್ಲ. ಅನಿಮೆಯ ವೀರ ಮಾಡುವುದು ಬೇರೆ. ಹೊಡೆಯುವ ಮೊದಲು ತಾನು ಹೊಡೆಯಲಿರುವ ಪಟ್ಟಿನ ಹೆಸರನ್ನು ಮುಗಿಲು ಹರಿಯುವಂತೆ ಕೂಗುತ್ತಾನೆ. ಅದು ಹೇಗೆ ಕೆಲಸ ಮಾಡುತ್ತದೆ, ಅದಕ್ಕಿರುವ ದೌರ್ಬಲ್ಯವೇನು ಎಂಬುದನ್ನೂ ಶತ್ರುವಿಗೆ ವಿವರಿಸುತ್ತಾನೆ. ಶತ್ರು ಕೈಕಟ್ಟಿ ಕೇಳುತ್ತಾನೆ. ನಡುವೆ ಬಾಲ್ಯದ ನೆನಪೊಂದು ಬರುತ್ತದೆ: ಮಳೆ, ಒಂಟಿ ಉಯ್ಯಾಲೆ, ಯಾರೋ ಒಬ್ಬ ಗುರು. ಅದು ಮುಗಿಯುವವರೆಗೂ ಎತ್ತಿದ ಕೈ ಎತ್ತಿದಂತೆಯೇ ಇರುತ್ತದೆ. 'ನರುಟೊ' ಎಂಬ ಹುಡುಗನ ಅನಿಮೆ ಎರಡು ಭಾಗ ಸೇರಿ 720 ಕಂತು. ಅದರಲ್ಲಿ ನೆನಪುಗಳ ಪಾಲನ್ನು ತೆಗೆದಿಟ್ಟು ನೋಡಿದರೆ ಹುಡುಗ ಯಾವಾಗಲೋ ಹಳ್ಳಿಯ ಮುಖ್ಯಸ್ಥನಾಗಿಬಿಡುತ್ತಿದ್ದ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ಉತ್ತರಕುಮಾರ ಪಾಪ, ಒಂದೇ ಸಂಧಿಯಲ್ಲಿ ಮುಗಿಸಿದ.

ಏಟು ಸಿಗದ ಅಭಿಮಾನಿ ಲೆಕ್ಕ ಹಾಕುವುದಕ್ಕೆ ಕೂತ. ಇವನಿಗೂ ಅವನಿಗೂ ಕಾಳಗವಾದರೆ ಗೆಲ್ಲುವವರು ಯಾರು? ಇದು ಈಗ ಒಂದು ಶಾಸ್ತ್ರ. ಎಂಜಿನಿಯರಿಂಗ್‌ನಲ್ಲಿ ಗಣಿತದ ಮೂರು ಪತ್ರಿಕೆ ಉಳಿಸಿಕೊಂಡ ಹುಡುಗರು, ಪರ್ವತವೊಂದು ಪುಡಿಯಾದ ಚಿತ್ರ ನೋಡಿ ಅದರ ಗಾತ್ರ, ಸಾಂದ್ರತೆ, ಬೇಕಾದ ಶಕ್ತಿ ಎಷ್ಟು ಎಂದು ಹತ್ತರ ಘಾತಗಳಲ್ಲಿ ಬರೆಯುತ್ತಾರೆ. ಬರೆದವರನ್ನು ಇನ್ನೊಂದು ಬಣ ಅವಮಾನಿಸುತ್ತದೆ. ಈ ಶಾಸ್ತ್ರದ ಮೂಲಗ್ರಂಥವೂ ಅದೇ ಡ್ರ್ಯಾಗನ್ ಬಾಲ್. ಕಣ್ಣಿಗೆ ಕಟ್ಟಿಕೊಂಡ ಯಂತ್ರವೊಂದು ಗೋಕುವಿನ ಶಕ್ತಿಯನ್ನು ಅಳೆಯುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಅದು ಒಂಬತ್ತು ಸಾವಿರಕ್ಕೂ ಹೆಚ್ಚು. ಆ ಮಾತು ಜಗತ್ಪ್ರಸಿದ್ಧವಾಯಿತು, ಅಂಗಿಗಳ ಮೇಲೆ ಅಚ್ಚಾಯಿತು. ಜಪಾನಿನ ಮೂಲದಲ್ಲಿ ಅದು ಎಂಟು ಸಾವಿರ. ಸಮುದ್ರ ದಾಟುವಾಗ ಸಾವಿರ ಸೇರಿಕೊಂಡ ಈ ಅಂಕಿಯ ಮೇಲೆ ಎಷ್ಟು ಸ್ನೇಹಗಳು ಮುರಿದಿವೆಯೋ. ಬರೆದವರೇ ಮುಂದೆ ಈ ಅಂಕಿಗಳ ಸಹವಾಸ ಸಾಕೆಂದು ಕೈಬಿಟ್ಟರು, ಎಣಿಸುವವರು ಬಿಡಲಿಲ್ಲ.

ಇಡೀ ಈ ಲೆಕ್ಕಾಚಾರವನ್ನು ಗೇಲಿ ಮಾಡುವಂತೆ 'ಒನ್ ಪಂಚ್ ಮ್ಯಾನ್' ಎಂಬ ಕಥೆ ಹುಟ್ಟಿತು. ಅದರ ನಾಯಕ ಸೈತಾಮಾ ಯಾರನ್ನಾದರೂ ಒಂದೇ ಗುದ್ದಿಗೆ ಮುಗಿಸುತ್ತಾನೆ, ಆದ್ದರಿಂದ ಅವನಿಗೆ ಬದುಕೇ ಬೇಸರ. ಈ ಶಕ್ತಿಯ ಗುಟ್ಟೇನು ಎಂದು ಕೇಳಿದರೆ ದಿನಕ್ಕೆ ನೂರು ದಂಡ, ನೂರು ಬಸ್ಕಿ, ಹೊಟ್ಟೆಯ ವ್ಯಾಯಾಮ ನೂರು, ಹತ್ತು ಕಿಲೋಮೀಟರ್ ಓಟ, ಬೇಸಗೆಯಲ್ಲೂ ಏಸಿ ಹಾಕಬಾರದು ಎಂದು ಗಂಭೀರವಾಗಿ ಹೇಳುತ್ತಾನೆ. ಕೇಳಿದವನು ಇದೇನು ಮಾಮೂಲಿ ಕಸರತ್ತು ಎಂದು ಸಿಟ್ಟಾಗುತ್ತಾನೆ. ನಮ್ಮ ಗರಡಿಮನೆಯ ಉಸ್ತಾದರಾಗಿದ್ದರೆ 'ನೂರೇನಾ?' ಎಂದು ಕೇಳುತ್ತಿದ್ದರು. ಇಷ್ಟು ಬಿಡಿಸಿ ಹೇಳಿದ ಹಾಸ್ಯವನ್ನೂ ಅಭಿಮಾನಿ ಬಿಡಲಿಲ್ಲ: ಈಗ ಸೈತಾಮಾನ ಗುದ್ದಿಗೂ ಹತ್ತರ ಘಾತ ಬಂದಿದೆ.

ಅಭಿಮಾನ ರಾಜತಾಂತ್ರಿಕತೆಯ ಮಟ್ಟಕ್ಕೂ ಏರಬಲ್ಲದು ಎಂಬುದನ್ನು ಮೆಕ್ಸಿಕೊ ತೋರಿಸಿಕೊಟ್ಟಿತು. 2018ರ ಮಾರ್ಚ್‌ನಲ್ಲಿ 'ಡ್ರ್ಯಾಗನ್ ಬಾಲ್ ಸೂಪರ್'ನ ಕೊನೆಯ ಎರಡು ಕಂತುಗಳು ಬರುವುದಿತ್ತು. ಮೆಕ್ಸಿಕೊದ ನಗರಾಡಳಿತಗಳು ಚೌಕಗಳಲ್ಲಿ ದೊಡ್ಡ ತೆರೆ ಕಟ್ಟಿ ಊರಿಗೆಲ್ಲ ಪುಕ್ಕಟೆ ತೋರಿಸುವುದಾಗಿ ಸಾರಿದವು. ಹಕ್ಕು ಇರುವ ತೋಯಿ ಅನಿಮೇಷನ್ ಸಂಸ್ಥೆ, ನಾವು ಯಾರಿಗೂ ಅನುಮತಿ ಕೊಟ್ಟಿಲ್ಲ ಎಂದು ಪ್ರಕಟಣೆ ಹೊರಡಿಸಿತು. ಜಪಾನಿನ ರಾಯಭಾರ ಕಚೇರಿಯಿಂದ ಪತ್ರ ಹೋಯಿತು. ಎರಡು ಸಾರ್ವಭೌಮ ದೇಶಗಳ ನಡುವೆ, ಬಾಲವಿದ್ದ ಹುಡುಗನೊಬ್ಬ ದೊಡ್ಡವನಾಗಿ ಯಾರನ್ನು ಹೊಡೆಯುತ್ತಾನೆ ಎಂಬ ಬಗ್ಗೆ ಅಧಿಕೃತ ಪತ್ರವ್ಯವಹಾರ! ಪತ್ರವನ್ನು ಯಾರು ಓದಿದರೋ, ಸಿಯುದಾದ್ ಹುವಾರೆಸ್‌ನ ಚೌಕದಲ್ಲಂತೂ ಜನ ಕಿಕ್ಕಿರಿದು ಸೇರಿ, ಗೋಕು ಎದ್ದಾಗ ವಿಶ್ವಕಪ್ ಗೆದ್ದವರಂತೆ ಕುಣಿದರು. ಕಟೌಟಿಗೆ ಹಾಲು ಸುರಿಯುವ ನಮ್ಮವರನ್ನು ಬೈಯುವಾಗ ನಾನು ಮೆಕ್ಸಿಕೊವನ್ನು ನೆನೆದು ಧ್ವನಿ ಸ್ವಲ್ಪ ತಗ್ಗಿಸುತ್ತೇನೆ. ನಮ್ಮಲ್ಲಿ ಕನಿಷ್ಠ ಪಕ್ಷ ನಗರಪಾಲಿಕೆ ಹಾಲು ಸರಬರಾಜು ಮಾಡಿಲ್ಲ.

ಏಟನ್ನು ಬಚ್ಚಿಡುವುದರಲ್ಲಿ ಟಿವಿ ಕಂಪನಿಗಳ, ಸರಕಾರಗಳ ಪಾಲೂ ಇದೆ. ಅಮೆರಿಕದ ಟಿವಿಯವರು ಮಕ್ಕಳಿಗಾಗಿ ಡ್ರ್ಯಾಗನ್ ಬಾಲ್ ತಿದ್ದಿದಾಗ, ಅದರಲ್ಲಿ ಸತ್ತವರೆಲ್ಲ ಸಾಯಲಿಲ್ಲ, 'ಇನ್ನೊಂದು ಆಯಾಮ'ಕ್ಕೆ ಹೋದರು. 'ಒನ್ ಪೀಸ್' ಎಂಬ ಅನಿಮೆಯ ಅಡುಗೆಯವನು ಸಂಜಿಯ ಬಾಯಲ್ಲಿದ್ದ ಸಿಗರೇಟು ಅಲ್ಲಿ ಲಾಲಿಪಾಪ್ ಆಯಿತು. ಕಡಲ್ಗಳ್ಳನೊಬ್ಬ ಲಾಲಿಪಾಪ್ ಚೀಪುತ್ತಾ ಜನರನ್ನು ಒದೆಯುವುದು ಮಕ್ಕಳ ಮನಸ್ಸಿಗೆ ಹಿತ ಎಂದು ಯಾರೋ ನಿರ್ಧರಿಸಿದರು. ನಾವೇನು ಕಡಿಮೆ? ಚಿತ್ರಮಂದಿರದಲ್ಲಿ ನಿಮ್ಮ ಮುಂದಿನ ದೃಶ್ಯ ಇದು. ನಾಯಕ ಕೊಡಲಿ ಹಿಡಿದು ಗೋದಾಮಿಗೆ ನುಗ್ಗುತ್ತಾನೆ. ಒಂದು ತಲೆ ಎಡಕ್ಕೆ, ಒಂದು ಬಲಕ್ಕೆ. ಗೋಡೆಯೆಲ್ಲ ಕೆಂಪು. ತೆರೆಯ ಮೂಲೆ ಖಾಲಿ. ಹೊರಗೆ ಬರುವಾಗ ಅಡ್ಡ ಬಂದ ಹೋರಿಯನ್ನು ಕೊಂಬು ಹಿಡಿದು ಬೀಸಿ ಎಸೆಯುತ್ತಾನೆ. ಮೂಲೆಯಲ್ಲಿ ಸಣ್ಣಕ್ಷರ ಮೂಡುತ್ತದೆ: ಈ ಹೋರಿ ಗ್ರಾಫಿಕ್ಸ್‌ನದು, ಪ್ರಾಣಿಗೆ ನೋವಾಗಿಲ್ಲ. ಕೊನೆಗೆ ನಲವತ್ತು ಹೆಣಗಳ ನಡುವೆ ಕುರ್ಚಿ ಎಳೆದು ಕೂತು, ಸುಸ್ತಾಯಿತೆಂದು ಒಂದು ಸಿಗರೇಟು ಹಚ್ಚುತ್ತಾನೆ. ತಕ್ಷಣ ಆಡಳಿತಯಂತ್ರ ಎಚ್ಚೆತ್ತುಕೊಳ್ಳುತ್ತದೆ: 'ಧೂಮಪಾನ ಆರೋಗ್ಯಕ್ಕೆ ಹಾನಿಕರ'. ಯಾರ ಆರೋಗ್ಯಕ್ಕೆ ಎಂದು ಆ ನಲವತ್ತು ಮಂದಿಯಲ್ಲಿ ಯಾರೂ ಕೇಳುವ ಸ್ಥಿತಿಯಲ್ಲಿಲ್ಲ. ತಂಬಾಕಿನ ಈ ಬಿಗಿ ನಿಯಮಗಳು ಜಾರಿಗೆ ಬಂದದ್ದು 2012ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಕೊಡಲಿಯ ಬಗ್ಗೆಯೂ ಬಾಪು ಏನೋ ಹೇಳಿದ್ದರೆಂದು ನನ್ನ ನೆನಪು. ಮರುವರ್ಷ ಅಮೆರಿಕದ ನಿರ್ದೇಶಕ ವುಡಿ ಅಲೆನ್ ತಮ್ಮ ಚಿತ್ರದ ಮೇಲೆ ಈ ಅಕ್ಷರ ಓಡಕೂಡದು ಎಂದು ಹಟ ಹಿಡಿದು, ಅದನ್ನು ಭಾರತದಲ್ಲಿ ಬಿಡುಗಡೆಯನ್ನೇ ಮಾಡಲಿಲ್ಲ. ನಮ್ಮ ನಿರ್ಮಾಪಕರು ವ್ಯವಹಾರಸ್ಥರು, ಅಕ್ಷರ ಓಡಲಿ ಎಂದರು.

ಇಷ್ಟೆಲ್ಲದರ ನಡುವೆ ಏಟು ನಿಜವಾಗಿ ಬೀಳುವ ಜಾಗ ಒಂದಿದೆ. ತೆರೆಯ ಮೇಲೆ ಅದು ಕಾಣುವುದಿಲ್ಲ. 2016ರ ನವೆಂಬರ್‌ನಲ್ಲಿ ಬೆಂಗಳೂರಿನ ಹೊರಗಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಕೊನೆಯ ಕಾಳಗದ ಚಿತ್ರೀಕರಣವಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕನನ್ನು ದಡಕ್ಕೆ ತಂದರು. ಖಳರ ಪಾತ್ರ ಮಾಡುತ್ತಿದ್ದ ಇಬ್ಬರು ಯುವಕರು ಮುಳುಗಿ ಸತ್ತರು. ಅವರಿಗೆ ಜೀವರಕ್ಷಕ ಜಾಕೆಟ್ ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಇನ್ನೊಂದು ಚಿತ್ರೀಕರಣದಲ್ಲಿ ಸಾಹಸ ಕಲಾವಿದನೊಬ್ಬ ವಿದ್ಯುತ್ ತಗುಲಿ ತೀರಿಕೊಂಡ. ಹೋರಿಗಿದ್ದ ಸಣ್ಣಕ್ಷರ ಇವರಿಗಿರಲಿಲ್ಲ.

ಇಂಥವರಿಗೆ ಪ್ರಶಸ್ತಿಯಾದರೂ ಉಂಟೇ ಎಂದು ಕೇಳಿದರೆ, ಈ ಒಂದು ವಿಷಯದಲ್ಲಿ ದೆಹಲಿ ಹಾಲಿವುಡ್ಡಿಗಿಂತ ಮುಂದಿದೆ. ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದು ಕೆಲವು ವರ್ಷಗಳಾದವು. 2018ರ ಸಾಲಿನದನ್ನು ನಮ್ಮ 'ಕೆಜಿಎಫ್' ಗೆದ್ದಿತು, ಅದರ ಎರಡನೆಯ ಭಾಗಕ್ಕೂ ಅನ್ಬು-ಅರಿವು ಎಂಬ ಅವಳಿ ಸಹೋದರರಿಗೆ ಮತ್ತೆ ಬಂತು. ಆಸ್ಕರ್ ಸಮಾರಂಭ ಶುರುವಾದದ್ದು 1929ರಲ್ಲಿ. ಆಮೇಲೆ ಒಂದೊಂದಾಗಿ ಉಡುಪಿಗೆ ಪ್ರಶಸ್ತಿ, ಕೇಶಾಲಂಕಾರಕ್ಕೆ ಪ್ರಶಸ್ತಿ, ಸದ್ದಿಗೆ ಪ್ರಶಸ್ತಿ. ಕಟ್ಟಡದಿಂದ ಬಿದ್ದವನಿಗೆ ಇಲ್ಲ. ಬೀಳುವಾಗ ಅವನು ತೊಟ್ಟಿದ್ದ ಕೋಟಿಗೆ ಉಂಟು. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ಕಣ್ಣು ಬಿಟ್ಟು, ಸಾಹಸ ವಿನ್ಯಾಸಕ್ಕೂ ಒಂದು ಪ್ರಶಸ್ತಿ ಕೊಡುವುದಾಗಿ ಪ್ರಕಟಿಸಿತು. ಕೂಡಲೇ ಅಲ್ಲ. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಗೆ, 2028ರ ನೂರನೆಯ ಸಮಾರಂಭದಲ್ಲಿ. ಅಲ್ಲಿಯವರೆಗೆ ಬಿದ್ದವರು ಲೆಕ್ಕಕ್ಕಿಲ್ಲ.

ಆ ಸಂಜೆಯನ್ನು ನಾನು ತಪ್ಪದೆ ನೋಡುತ್ತೇನೆ. 'ಡ್ಯೂಪ್ ಬಳಸಿಲ್ಲ, ಎಲ್ಲ ಸಾಹಸವನ್ನೂ ನಾನೇ ಮಾಡಿದ್ದೇನೆ' ಎಂದು ಜೀವಮಾನವಿಡೀ ಸಂದರ್ಶನ ಕೊಟ್ಟ ನಾಯಕನಟರು ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ವೇದಿಕೆಯಿಂದ ಯಾರದೋ ಹೆಸರು ಕೂಗುತ್ತಾರೆ. ಹಿಂದಿನ ಸಾಲಿನಿಂದ ಅವರದೇ ಎತ್ತರದ, ಅವರದೇ ಕೇಶವಿನ್ಯಾಸದ, ಬೆನ್ನಿನಿಂದ ನೋಡಿದರೆ ಥೇಟ್ ಅವರಂತೆಯೇ ಇರುವ ಒಬ್ಬ ಮನುಷ್ಯ ಕುಂಟುತ್ತಾ ಎದ್ದು ಬರುತ್ತಾನೆ. ಆಗ ಕ್ಯಾಮೆರಾ ಯಾರ ಮುಖದ ಮೇಲೆ ನಿಲ್ಲಬೇಕೆಂದು ಅಕಾಡೆಮಿಯವರು ಈಗಲೇ ತೀರ್ಮಾನಿಸಿಕೊಂಡರೆ ಒಳ್ಳೆಯದು.